ಪರದಾಟ: ಒಂದು ಮಸೂದೆ, ಒಂದು ಮುಷ್ಕರ ಮತ್ತು ನಾವು ಬರೆದ ತಲೆಬರಹಗಳು

2017ರ ನವೆಂಬರ್ 16, ಗುರುವಾರ. ಮೈಸೂರಿನ ನಮ್ಮ ಪತ್ರಿಕಾ ಕಚೇರಿಯಲ್ಲಿ ಸಂಜೆ ಏಳರ ಹೊತ್ತಿಗೆ ಒಂದು ಚಿತ್ರ ನನ್ನ ಪರದೆಯ ಮೇಲೆ ಬಂತು. ಖಾಸಗಿ ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಕುಳಿತಿದ್ದಾರೆ. ಒಂದು ಕೈಯಲ್ಲಿ ಎಕ್ಸ್‌ರೇ ಕವರ್, ಇನ್ನೊಂದರಲ್ಲಿ ಬಾಯಿಗೆ ಹಿಡಿದ ಸೆರಗು. ಅವರ ಹಿಂದೆ ಅರ್ಧ ಇಳಿಸಿದ ಶಟರ್. ಅದರ ಮೇಲೆ ‘ಇಂದು ಹೊರರೋಗಿಗಳನ್ನು ನೋಡುವುದಿಲ್ಲ’ ಎಂದು ಬರೆದು ಅಂಟಿಸಿದ ಬಿಳಿ ಹಾಳೆ. ಒಳಪುಟದಲ್ಲಿ ಮೂರು ಕಾಲಂ ಜಾಗವಿತ್ತು. ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕುವ ಮಸೂದೆಯನ್ನು ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದ ದಿನಗಳು ಅವು. ನಾನು ಅರೆಗಳಿಗೆಯೂ ಯೋಚಿಸದೆ ತಲೆಬರಹ ಕೊಟ್ಟೆ: ‘ವೈದ್ಯರ ಮುಷ್ಕರ: ರೋಗಿಗಳ ಪರದಾಟ’.

ಪತ್ರಿಕೆಯಲ್ಲಿ ಕೆಲಸ ಮಾಡಿದವರಿಗೆ ಈ ‘ಪರದಾಟ’ ಚೆನ್ನಾಗಿ ಗೊತ್ತು. ಬಸ್ ನಿಂತರೆ ಪ್ರಯಾಣಿಕರ ಪರದಾಟ, ನಲ್ಲಿ ಒಣಗಿದರೆ ಗೃಹಿಣಿಯರ ಪರದಾಟ, ಸರ್ವರ್ ಕೈಕೊಟ್ಟರೆ ಪಡಿತರದಾರರ ಪರದಾಟ. ನಾಲ್ಕಕ್ಷರದ ಪದವಾದ್ದರಿಂದ ಎಂಥ ಇಕ್ಕಟ್ಟಿನ ಕಾಲಮ್ಮಿನಲ್ಲಿಯೂ ಕೂರುತ್ತದೆ. ಯಾರು ಪರದಾಡಿಸಿದರು, ಯಾತಕ್ಕಾಗಿ, ಮುಷ್ಕರಕ್ಕೆ ಮೊದಲು ಈ ಜನ ಪರದಾಡುತ್ತಿರಲಿಲ್ಲವೇ ಎಂಬ ಯಾವ ಪ್ರಶ್ನೆಯೂ ಆ ಪದದೊಳಗಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ಹೊಳೆಯುವಂತೆ ಮಾಡಿದವರು ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರತ್ತೆ. ಏಳನೆಯ ತರಗತಿವರೆಗೆ ಓದಿರುವ ಅತ್ತೆ ಹಾಲಿನ ಡೇರಿಗೆ ಬರುವ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಾರೆ. ಮರುದಿನ ಬೆಳಿಗ್ಗೆ ಅವರ ಫೋನ್ ಬಂತು.

“ಆ ಮೆಟ್ಟಿಲ ಮೇಲೆ ಕೂತಿರುವ ಹೆಂಗಸನ್ನು ಏನಾದರೂ ಕೇಳಿದಿರೇನಪ್ಪಾ?”

“ಏನು ಕೇಳುವುದು ಅತ್ತೆ? ಬಾಗಿಲು ಮುಚ್ಚಿತ್ತು, ಕೂತಿದ್ದರು.”

“ಕಾನೂನು ಬೇಕೋ ಬೇಡವೋ ಎಂದು ಅವಳನ್ನು ಕೇಳಬೇಕಾಗಿತ್ತಲ್ಲ. ಡಾಕ್ಟರನ್ನು ಕೇಳಿದ್ದೀರಿ, ಮಂತ್ರಿಯನ್ನು ಕೇಳಿದ್ದೀರಿ. ದುಡ್ಡು ಕೊಡುವವಳು ಅವಳು ತಾನೆ?”

ನಾನು ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ಆ ಮೂರು ವಾರಗಳ ಸುದ್ದಿಯನ್ನು, ನಾನೇ ತಿದ್ದಿ ಪುಟಕ್ಕೆ ಹಾಕಿದ್ದನ್ನೂ ಸೇರಿಸಿ, ಬಹಳ ದಿನಗಳ ನಂತರ ಮತ್ತೆ ಓದಿದೆ. ಹಾಗೆ ಓದಿದಾಗ ಕಂಡದ್ದು ಈ ಬರಹ.

ಅತ್ತೆಯ ಪ್ಲಾಸ್ಟಿಕ್ ಚೀಲ

ಅತ್ತೆಗೆ ಆ ಪ್ರಶ್ನೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು. 2014ರ ಮಳೆಗಾಲದಲ್ಲಿ ಮಾವನಿಗೆ ನ್ಯುಮೋನಿಯಾ ಬಂತು. ಉಸಿರು ಕಟ್ಟುತ್ತಿದ್ದವರನ್ನು ರಾತ್ರೋರಾತ್ರಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಮುಂಗಡ ಐವತ್ತು ಸಾವಿರ ಕಟ್ಟಿದ ಮೇಲೆ ಗಾಲಿಮಂಚ ಒಳಗೆ ಹೋಯಿತು. ಒಂಬತ್ತು ದಿನ, ಅದರಲ್ಲಿ ಐದು ದಿನ ವೆಂಟಿಲೇಟರ್. ಹತ್ತನೆಯ ದಿನ ಬೆಳಗಿನ ಜಾವ ಐದಕ್ಕೆ ಮಾವ ತೀರಿಕೊಂಡರು. ಅಷ್ಟು ಹೊತ್ತಿಗೆ ಒಂದು ಲಕ್ಷ ಅರವತ್ತು ಸಾವಿರ ಕಟ್ಟಾಗಿತ್ತು. ಇನ್ನೂ ನಲವತ್ಮೂರು ಸಾವಿರ ಬಾಕಿ ಇತ್ತು. ಬಾಕಿ ತೀರದೆ ಶವ ಕೊಡಲು ಆಗುವುದಿಲ್ಲ ಎಂದು ಕ್ಯಾಷ್ ಕೌಂಟರಿನವರು ತಣ್ಣಗೆ ಹೇಳಿದರು. ಅವರು ದನಿ ಏರಿಸಲಿಲ್ಲ, ಗದರಲಿಲ್ಲ. ದಿನವೂ ಹೇಳುವ ಮಾತನ್ನು ಹೇಳಿದರು, ಅಷ್ಟೆ.

ಅಶೋಕ ರಸ್ತೆಯ ಗಿರವಿ ಅಂಗಡಿ ತೆರೆಯುವುದು ಹತ್ತು ಗಂಟೆಗೆ. ಅಲ್ಲಿಯವರೆಗೆ ಅತ್ತೆ ಆಸ್ಪತ್ರೆಯ ಹಿಂಬದಿಯ ಕಟ್ಟೆಯ ಮೇಲೆ ಕುಳಿತಿದ್ದರು. ಊರಿನಲ್ಲಿ ಗುಂಡಿ ತೋಡಿಸಿ ಜನ ಕಾಯುತ್ತಿದ್ದರು, ನಿಮಿಷಕ್ಕೊಮ್ಮೆ ಫೋನ್. ಕೊನೆಗೆ ಕಿವಿಯ ಓಲೆ, ಕತ್ತಿನ ಎರಡೆಳೆ ಸರ ಎರಡನ್ನೂ ಇಟ್ಟು ಹಣ ತಂದರು. ಮಧ್ಯಾಹ್ನ ಹನ್ನೆರಡಕ್ಕೆ ಮಾವನ ದೇಹ ಹೊರಬಂತು.

ಆ ಆಸ್ಪತ್ರೆಯ ನಾಲ್ಕು ಹಾಳೆಯ ಬಿಲ್ಲು ಮತ್ತು ಗಿರವಿ ಅಂಗಡಿಯ ಚೀಟಿ ಈಗಲೂ ಅತ್ತೆಯ ಮನೆಯಲ್ಲಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಇವೆ. ಬಿಲ್ಲಿನ ಮೂರನೆಯ ಹಾಳೆಯಲ್ಲಿ ‘ಗ್ಲೌಸ್, 64 ಜೊತೆ’ ಎಂಬ ಸಾಲಿದೆ. ಅತ್ತೆ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಅದು ಸರಿಯಾದ ಲೆಕ್ಕವೇ ಇರಬಹುದು. ತೀವ್ರ ನಿಗಾ ಘಟಕದಲ್ಲಿ ರೋಗಿಯನ್ನು ಮುಟ್ಟಿದಾಗಲೆಲ್ಲ ಕೈಗವಸು ಬದಲಿಸಬೇಕು. ಆದರೆ ಅದನ್ನು ಹೇಳುವವರು ಒಬ್ಬರೂ ಇರಲಿಲ್ಲ, ಕೇಳಲು ಹೋಗಬಹುದಾದ ಒಂದು ಜಾಗವೂ ಇರಲಿಲ್ಲ.

ಅದೇ ಚೀಲದಲ್ಲಿ ಯಶಸ್ವಿನಿ ಕಾರ್ಡೂ ಇದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಆರಂಭವಾದ ಆ ಯೋಜನೆಗೆ ಮೊದಮೊದಲು ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಹಣ ಕಟ್ಟಿಸಿಕೊಳ್ಳುತ್ತಿದ್ದರು. ಮಂಡ್ಯ ಜಿಲ್ಲೆಯ ರೈತರ ಮನೆಗಳಲ್ಲಿ ಆ ಕಾರ್ಡಿಗೆ ಬಹಳ ಬೆಲೆ ಇತ್ತು. ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಇದ್ದ ಯೋಜನೆ. ಕತ್ತರಿ ಹಾಕದ ಕಾಯಿಲೆಗೆ, ಮಾವನ ನ್ಯುಮೋನಿಯಾದಂಥದ್ದಕ್ಕೆ, ಅದು ಒದಗಲಿಲ್ಲ. ಆ ಕಾರ್ಡಿನ ಮಾತು ಮುಂದೆ ಮತ್ತೆ ಬರುತ್ತದೆ.

ಮಸೂದೆ

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳನ್ನು ಕಾನೂನಿನ ಚೌಕಟ್ಟಿಗೆ ತಂದದ್ದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ. ನೋಂದಣಿ ಮಾಡಿಸಬೇಕು, ದರಪಟ್ಟಿ ತೂಗುಹಾಕಬೇಕು ಎಂದು ಅದು ಹೇಳಿತ್ತು. ಹತ್ತು ವರ್ಷ ಕಳೆದರೂ ಅದಕ್ಕೆ ಹಲ್ಲು ಬಂದಿರಲಿಲ್ಲ. ಅದನ್ನು ಬಲಪಡಿಸುವ ಬಗ್ಗೆ ವರದಿ ಕೊಡಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರ ಸಮಿತಿ ನೇಮಿಸಿತು. 2017ರ ಜೂನ್‌ನಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿದರು. ಅದು ಉಭಯ ಸದನಗಳ ಜಂಟಿ ಸಮಿತಿಯ ಪರಿಶೀಲನೆಗೆ ಹೋಯಿತು.

ಮಸೂದೆಯ ಜೀವ ಇದ್ದದ್ದು ಕೆಲವೇ ಕಡೆ. ಚಿಕಿತ್ಸೆಗಳಿಗೆ ಸರ್ಕಾರ ದರ ನಿಗದಿ ಮಾಡುತ್ತದೆ. ಅದನ್ನು ಮೀರಿ ವಸೂಲಿ ಮಾಡಿದರೆ ದಂಡದ ಜೊತೆಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು. ರೋಗಿಯ ದೂರು ಕೇಳಲು ಜಿಲ್ಲೆಗೊಂದು ಸಮಿತಿ, ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಕೇಳದೆ ಚಿಕಿತ್ಸೆ. ರೋಗಿಗಳ ಹಕ್ಕುಗಳ ಸನ್ನದು. ಬಾಕಿ ಎಷ್ಟೇ ಇರಲಿ, ಶವವನ್ನು ಮನೆಯವರಿಗೆ ಒಪ್ಪಿಸಬೇಕು.

ಈ ಕೊನೆಯ ಸಾಲನ್ನು ಓದಿದ ದಿನ ಅತ್ತೆ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಅದೇ ಚೀಲಕ್ಕೆ ಹಾಕಿಕೊಂಡಿದ್ದರು.

ವೈದ್ಯರು ಯಾಕೆ ಸಿಟ್ಟಾದರು? ಅವರ ಸಿಟ್ಟನ್ನು ಬರೀ ಹಣದಾಸೆ ಎಂದು ತಳ್ಳಿಹಾಕುವುದು ನನಗೆ ಸಾಧ್ಯವಿಲ್ಲ. ಮಂಡ್ಯದಲ್ಲಿ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ವೈದ್ಯ ದಂಪತಿಯೊಬ್ಬರು ನಮಗೆ ಮನೆಯವರಂತೆ ಪರಿಚಿತರು. ಗಂಡ ಮಕ್ಕಳ ವೈದ್ಯರು, ಹೆಂಡತಿ ಪ್ರಸೂತಿ ತಜ್ಞೆ. ನನ್ನ ತಂಗಿಯ ಎರಡು ಹೆರಿಗೆಯನ್ನೂ ಆ ತಾಯಿಯೇ ಮಾಡಿಸಿದವರು. ಒಮ್ಮೆ ರಾತ್ರಿ ಎರಡೂವರೆಗೆ ಎದ್ದು ಬಂದು, ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಮತ್ತೊಂದು ಹೆರಿಗೆಗೆ ಹೋದವರು. ಮುಷ್ಕರದ ದಿನಗಳಲ್ಲಿ ಅವರ ಮನೆಗೆ ಹೋದಾಗ ಅವರು ಕೇಳಿದ್ದು ಇದನ್ನು: “ನೂರಾರು ಹಾಸಿಗೆಯ ಆಸ್ಪತ್ರೆಗೂ ನನಗೂ ಒಂದೇ ಕಾನೂನು, ಒಂದೇ ಜೈಲು ಎನ್ನುತ್ತಾರಲ್ಲ, ನನ್ನ ಬಳಿ ಲೆಕ್ಕ ಬರೆಯುವವರು ಒಬ್ಬರೇ ಇದ್ದಾರೆ. ನಾಳೆ ಯಾರೋ ಸ್ಥಳೀಯ ಪುಢಾರಿ ಸಮಿತಿಯಲ್ಲಿ ಕೂತು ನನ್ನನ್ನು ವಿಚಾರಿಸಿದರೆ, ವಕೀಲರೂ ಇಲ್ಲದೆ ನಾನು ಹೇಗೆ ಉತ್ತರ ಕೊಡಲಿ?”

ಇದು ನ್ಯಾಯವಾದ ಭಯ. ವೈದ್ಯರ ಮೇಲಿನ ಹಲ್ಲೆ ತಡೆಯಲೆಂದೇ ರಾಜ್ಯ 2009ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಗಿ ಬಂದಿತ್ತು ಎಂಬುದನ್ನು ನೆನೆದರೆ ಆ ಭಯದ ಬೇರು ಕಾಣುತ್ತದೆ. ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾನೂನಿನಡಿ ತನ್ನಿ ಎಂಬ ಅವರ ಬೇಡಿಕೆಯಲ್ಲೂ ಹುರುಳಿತ್ತು. ನ್ಯಾಯಮೂರ್ತಿ ಸೇನ್ ಸಮಿತಿ ಹೇಳಿದ್ದನ್ನು ಸರ್ಕಾರ ಬದಿಗಿಟ್ಟಿದೆ, ಅದನ್ನೇ ಜಾರಿಮಾಡಿ ಎಂದು ವೈದ್ಯ ಸಂಘಟನೆಗಳು ಕೇಳುತ್ತಿದ್ದವು. ಮಂಡ್ಯದ ಆ ತಾಯಿಯಂಥವರಿಗೆ ಒಂದು ನಿಯಮ, ದೊಡ್ಡ ಆಸ್ಪತ್ರೆಗಳಿಗೆ ಇನ್ನೊಂದು ಎಂದು ಮಸೂದೆಯನ್ನು ಬಿಡಿಸಿ ನೋಡಲು ಅವಕಾಶವಿತ್ತು. ಸಣ್ಣ ವೈದ್ಯರ ಭಯವನ್ನು ಅಲ್ಲಿಯೇ ಪರಿಹರಿಸಿದ್ದರೆ ದೊಡ್ಡವರು ಅವರ ಬೆನ್ನಿನ ಹಿಂದೆ ನಿಲ್ಲಲು ಆಗುತ್ತಿರಲಿಲ್ಲ. ಆ ಕೆಲಸವನ್ನು ಸರ್ಕಾರವೂ ಮಾಡಲಿಲ್ಲ, ಪತ್ರಿಕೆಗಳೂ ಮಾಡಲಿಲ್ಲ.

ಬೀದಿಗೆ ಬಂದ ಮೂರು ವಾರ

ನವೆಂಬರ್ 3ರಂದು ರಾಜ್ಯದ ಖಾಸಗಿ ಆಸ್ಪತ್ರೆಗಳು ಒಂದು ದಿನ ಹೊರರೋಗಿ ಸೇವೆ ನಿಲ್ಲಿಸಿದವು. 13ರಂದು ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಆರಂಭವಾದಾಗ ಸಾವಿರಾರು ವೈದ್ಯರು ಅಲ್ಲಿ ಸೇರಿದರು. ವೈದ್ಯ ಸಂಘದ ಮುಖಂಡರು ಉಪವಾಸ ಕುಳಿತರು. 16ರ ಹೊತ್ತಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳೂ ಸೇರಿಕೊಂಡವು. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಿಚಾರಣೆಗೆ ಬಂತು. 17ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಳಗಾವಿಯಲ್ಲಿ ವೈದ್ಯರ ಜೊತೆ ಮಾತುಕತೆ ನಡೆಸಿದರು, ಮುಷ್ಕರ ಮುಗಿಯಿತು.

ರಾಜಕೀಯ ವಿರೋಧ ಯಾವ ದಿಕ್ಕಿನಿಂದ ಬಂತು ಎಂದು ಹೊರಗಿನವರು ಕೇಳಿದರೆ ವಿರೋಧ ಪಕ್ಷದಿಂದ ಎನ್ನುವುದು ಅರ್ಧ ಉತ್ತರ. ಸರ್ಕಾರದ ಹಟಮಾರಿತನದಿಂದ ಜನ ಸಾಯುತ್ತಿದ್ದಾರೆ ಎಂದು ವಿರೋಧ ಪಕ್ಷಗಳು ಆರೋಪಿಸಿದವು, ಅದು ಎಲ್ಲರೂ ನಿರೀಕ್ಷಿಸಿದ್ದೇ. ಆದರೆ ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು, ಆಸ್ಪತ್ರೆ ನಡೆಸುವವರ ನಂಟು ಯಾವ ಒಂದು ಪಕ್ಷಕ್ಕೂ ಸೀಮಿತವಲ್ಲ. ಆಡಳಿತ ಪಕ್ಷದೊಳಗೂ ಮಸೂದೆ ಹಲವರಿಗೆ ಗಂಟಲ ಮುಳ್ಳಾಗಿತ್ತು. ವಿಧಾನಸಭೆ ಚುನಾವಣೆಗೆ ಆರು ತಿಂಗಳಷ್ಟೇ ಉಳಿದಿತ್ತು. ಇಂಥ ಹೊತ್ತಿನಲ್ಲಿ ಶಾಸಕರೊಬ್ಬರು ಎದ್ದು ನಿಂತು ‘ಆಸ್ಪತ್ರೆಯ ದರಕ್ಕೆ ಮಿತಿ ಹಾಕುವುದು ಬೇಡ’ ಎಂದು ಹೇಳಿದರೆ ಮತ ಹೋಗುತ್ತದೆ. ‘ಜನ ಪರದಾಡುತ್ತಿದ್ದಾರೆ, ಬೇಗ ಇತ್ಯರ್ಥ ಮಾಡಿ’ ಎಂದು ಹೇಳಿದರೆ ಯಾರೂ ಆಕ್ಷೇಪಿಸುವುದಿಲ್ಲ. ನಮ್ಮ ತಲೆಬರಹವನ್ನೇ ಅವರು ತಮ್ಮ ಭಾಷಣ ಮಾಡಿಕೊಂಡರು.

ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಮಸೂದೆಯ ಪರವಾಗಿ ಮಾತಾಡುತ್ತಿದ್ದವು. ರೋಗಿಗಳ ಕಡೆಯಿಂದ ಸಂಘಟಿತವಾಗಿ ಕೇಳಿಬಂದ ದನಿ ಹೆಚ್ಚುಕಡಿಮೆ ಅಷ್ಟೇ. ರೋಗಿಗಳಿಗೆ ಸಂಘವಿಲ್ಲ, ಕಾಯಿಲೆ ವಾಸಿಯಾದವರು ಮನೆಗೆ ಹೋಗುತ್ತಾರೆ, ಆಗದವರು ಹೋಗಿಯೇ ಬಿಡುತ್ತಾರೆ.

ನಮ್ಮ ಮೇಜಿನ ಮೇಲೆ ನಡೆದದ್ದು

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯಕ್ಕೆ ಬರುತ್ತೇನೆ.

ನಮ್ಮ ಪತ್ರಿಕೆ ವೈದ್ಯರ ಪರವಾಗಿ ಬರೆಯಲಿಲ್ಲ. ಬಹುಪಾಲು ಮಾಧ್ಯಮಗಳೂ ಬರೆಯಲಿಲ್ಲ. ಟಿ.ವಿ. ವಾಹಿನಿಗಳಂತೂ ವೈದ್ಯರನ್ನು ಬಾಯಿಗೆ ಬಂದಂತೆ ಬೈದವು. ‘ವೈದ್ಯೋ ನಾರಾಯಣೋ ಹರಿಃ’ ಎಂಬ ಮಾತನ್ನು ತಿರುಚಿ ಎಷ್ಟು ಬಗೆಯ ಶೀರ್ಷಿಕೆ ಬಂದವೋ ಲೆಕ್ಕವಿಲ್ಲ. ಅಂದರೆ ಮಾಧ್ಯಮ ಆಸ್ಪತ್ರೆಗಳಿಗೆ ಮಾರಿಕೊಂಡಿತ್ತು ಎಂದು ಯಾರಾದರೂ ಸುಲಭವಾಗಿ ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆಗಳ ಜಾಹೀರಾತು ಪತ್ರಿಕೆಗಳಿಗೆ ದೊಡ್ಡ ಆದಾಯ ಎಂಬುದು ನಿಜ, ಆರೋಗ್ಯ ಪುರವಣಿಯ ಅಂಕಣಗಳನ್ನು ಆಸ್ಪತ್ರೆಯ ವೈದ್ಯರೇ ಬರೆಯುತ್ತಾರೆ ಎಂಬುದೂ ನಿಜ. ಆದರೂ ಆ ಮೂರು ವಾರ ಇದನ್ನು ಬರೆಯಿರಿ, ಅದನ್ನು ಬಿಡಿ ಎಂದು ನನಗೆ ಒಬ್ಬರೂ ಹೇಳಲಿಲ್ಲ.

ನಡೆದದ್ದು ಬೇರೆ. ನಾವು ಮುಷ್ಕರವನ್ನು ವರದಿ ಮಾಡಿದೆವು, ಮಸೂದೆಯನ್ನು ಮಾಡಲಿಲ್ಲ. ಮುಷ್ಕರಕ್ಕೆ ಚಿತ್ರವಿದೆ. ಮುಚ್ಚಿದ ಬಾಗಿಲು, ಕಣ್ಣೀರು, ದೊಡ್ಡಾಸ್ಪತ್ರೆಯಲ್ಲಿ ಚೀಟಿ ಬರೆಸಲು ನಿಂತವರ ಸಾಲು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಗೆ ದೊಡ್ಡಾಸ್ಪತ್ರೆ ಎಂದೇ ಹೆಸರು. ಪಕ್ಕದಲ್ಲೇ ಹೆಂಗಸರು, ಮಕ್ಕಳಿಗೆಂದು ಇರುವ ಚೆಲುವಾಂಬ ಆಸ್ಪತ್ರೆ. ಮಂಡ್ಯ, ಚಾಮರಾಜನಗರ, ಕೊಡಗಿನಿಂದಲೂ ಜನ ಬರುವ ಜಾಗ ಅದು. ಸರ್ಕಾರಿ ವೈದ್ಯರ ರಜೆ ರದ್ದಾಗಿತ್ತು. ಊಟಕ್ಕೂ ಏಳದೆ ರೋಗಿಗಳನ್ನು ನೋಡಿದ ವೈದ್ಯರನ್ನು ನಮ್ಮ ವರದಿಗಾರ ಕಣ್ಣಾರೆ ಕಂಡು ಬಂದಿದ್ದ. ಅವನು ಬರೆದುಕೊಟ್ಟ ಆ ನಾಲ್ಕು ಸಾಲನ್ನು ಜಾಗ ಸಾಲದೆ ತೆಗೆದವನು ನಾನೇ. ಚಿತ್ರವಿಲ್ಲದ ಮಸೂದೆಗೆ ಜಾಗ ಎಲ್ಲಿಂದ ಬರಬೇಕು? ಮಸೂದೆಯ ಪ್ರತಿ ಕಚೇರಿಗೆ ಬಂದಿತ್ತು. ಅದನ್ನು ಪೂರ್ತಿ ಓದಿದವರು ನಮ್ಮ ಮೇಜಿನಲ್ಲಿ ಯಾರೂ ಇರಲಿಲ್ಲ, ನಾನೂ ಓದಿರಲಿಲ್ಲ.

ಓದಿದ್ದರೆ ಒಂದು ಸರಳ ಪ್ರಶ್ನೆ ನಮ್ಮ ಕಣ್ಣಿಗೆ ಬೀಳುತ್ತಿತ್ತು. ಖಾಸಗಿ ಚಿಕಿತ್ಸೆಗೆ ದರ ನಿಗದಿ ಮಾಡುವುದೇ ಅಸಾಧ್ಯ ಎಂಬ ವಾದವನ್ನು ದಿನವೂ ಅಚ್ಚು ಮಾಡುತ್ತಿದ್ದೆವಲ್ಲ, ಅತ್ತೆಯ ಚೀಲದಲ್ಲಿದ್ದ ಯಶಸ್ವಿನಿ ಕಾರ್ಡು ಏನು? ಅದು ನಿಗದಿತ ದರದ ಮೇಲೆಯೇ ನಡೆಯುತ್ತಿದ್ದ ಯೋಜನೆ. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀಯೂ ಹಾಗೆಯೇ. ಇಂತಿಂಥ ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಒಪ್ಪಿಕೊಂಡು ಖಾಸಗಿ ಆಸ್ಪತ್ರೆಗಳು ಅವುಗಳಲ್ಲಿ ಸೇರಿದ್ದವು. ಆ ದರ ಕಡಿಮೆ, ಸರ್ಕಾರ ಹಣ ಬಿಡುಗಡೆ ಮಾಡುವುದು ತಡ ಎಂಬ ದೂರು ಅವರಿಗಿತ್ತು, ಅದರಲ್ಲಿ ನಿಜವಿತ್ತು. ಹಾಗಿದ್ದರೆ ಚರ್ಚೆ ‘ಯಾವ ದರ ನ್ಯಾಯ, ಯಾರು ಕೂತು ಗೊತ್ತುಮಾಡಬೇಕು’ ಎಂದು ನಡೆಯಬೇಕಿತ್ತು. ‘ದರ ಬೇಕೋ ಬೇಡವೋ’ ಎಂದು ನಡೆಯಿತು.

ಟಿ.ವಿ. ಚರ್ಚೆಗಳಲ್ಲಿ ನಾಲ್ಕು ಕುರ್ಚಿ ಇರುತ್ತಿದ್ದವು. ಒಂದರಲ್ಲಿ ವೈದ್ಯ ಸಂಘದವರು, ಒಂದರಲ್ಲಿ ಆಡಳಿತ ಪಕ್ಷದವರು, ಒಂದರಲ್ಲಿ ವಿರೋಧ ಪಕ್ಷದವರು, ನಾಲ್ಕನೆಯದು ನಿರೂಪಕರದು. ರೋಗಿ ಹಿಂದಿನ ಪರದೆಯ ಮೇಲೆ, ದನಿ ಇಲ್ಲದ ದೃಶ್ಯವಾಗಿ ಮತ್ತೆ ಮತ್ತೆ ಓಡುತ್ತಿದ್ದ. ಕೆಳಗಿನ ಕೆಂಪು ಪಟ್ಟಿಯಲ್ಲಿ ಸಾವಿನ ಲೆಕ್ಕ. ಒಂದು ವಾಹಿನಿಯ ಲೆಕ್ಕ ಇನ್ನೊಂದರದ್ದಕ್ಕೆ ಹೊಂದುತ್ತಿರಲಿಲ್ಲ. ಯಾವ ಸಾವು ಮುಷ್ಕರದಿಂದ ಆಯಿತು, ಯಾವುದು ಹೇಗೂ ಆಗುತ್ತಿತ್ತು ಎಂದು ವಿಚಾರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮೊದಲ ದಿನ ಆ ಸಾವುಗಳು ವೈದ್ಯರ ಮೇಲಿನ ಆರೋಪವಾಗಿದ್ದವು. ಎರಡು ದಿನ ಕಳೆಯುವಷ್ಟರಲ್ಲಿ ಅದೇ ಸಾವುಗಳು ಸರ್ಕಾರದ ಮೇಲಿನ ಒತ್ತಡವಾದವು.

ನನಗೆ ನಿದ್ದೆಗೆಡಿಸಿದ್ದು ಇದು. ನಾವು ವೈದ್ಯರನ್ನು ಬೈದಷ್ಟೂ ಮುಷ್ಕರ ಭೀಕರವಾಗಿ ಕಂಡಿತು. ಮುಷ್ಕರ ಭೀಕರವಾಗಿ ಕಂಡಷ್ಟೂ ಅದನ್ನು ಹೇಗಾದರೂ ನಿಲ್ಲಿಸಬೇಕು ಎಂಬ ಕೂಗು ಎದ್ದಿತು. ಹೇಗಾದರೂ ನಿಲ್ಲಿಸಲು ಇದ್ದ ಹತ್ತಿರದ ದಾರಿ ಒಂದೇ, ಮಸೂದೆಯ ಹಲ್ಲು ಕೀಳುವುದು. ವೈದ್ಯರ ವಿರುದ್ಧ ಬರೆಯುತ್ತಿದ್ದೇವೆ ಎಂದುಕೊಂಡು ನಾವು ದಿನವೂ ಅವರ ಬೇಡಿಕೆಯ ಕಡೆಗೇ ತೂಕ ಹಾಕುತ್ತಿದ್ದೆವು.

ಇನ್ನು ‘ಜೈಲು’ ಎಂಬ ಪದ. ದರ ಮೀರಿ ವಸೂಲಿ ಮಾಡಿದವರಿಗೆ ಎಂದು ಮಸೂದೆ ಹೇಳಿತ್ತು. ‘ವೈದ್ಯರಿಗೆ ಜೈಲು’ ಎಂದು ಸುದ್ದಿ ಹೇಳಿತು. ಚಿಕಿತ್ಸೆ ಫಲಿಸದಿದ್ದರೆ ಜೈಲು ಎಂದು ಹಳ್ಳಿಯವರೆಗೂ ಜನ ಅರ್ಥಮಾಡಿಕೊಂಡರು. ಅತ್ತೆಯ ಊರಿನ ಹಾಲಿನ ಡೇರಿಯ ಮುಂದೆ “ಪಾಪ, ಕಾಯಿಲೆ ವಾಸಿಯಾಗದಿದ್ದರೆ ಡಾಕ್ಟರರೇನು ಮಾಡುತ್ತಾರೆ?” ಎಂಬ ಮಾತು ನಡೆಯುತ್ತಿತ್ತಂತೆ. ಆ ಕರುಣೆ ತಪ್ಪಲ್ಲ. ಮಸೂದೆಯಲ್ಲಿ ಇಲ್ಲದ ಸಂಗತಿಗೆ ಅದು ಖರ್ಚಾಯಿತು.

ಒಂದು ಪದ ಒಂದು ಕಲಮನ್ನು ಕೊಲ್ಲುವುದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ 2009ರಲ್ಲಿ ಬರಾಕ್ ಒಬಾಮ ಸರ್ಕಾರ ಆರೋಗ್ಯ ಸುಧಾರಣೆಯ ಮಸೂದೆ ತಂದಾಗ ಅದರಲ್ಲಿ ಒಂದು ಮೃದುವಾದ ಅಂಶವಿತ್ತು. ಕೊನೆಗಾಲದಲ್ಲಿ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಹಿರಿಯರು ತಾವಾಗಿ ಬಯಸಿ ವೈದ್ಯರ ಜೊತೆ ಮಾತಾಡಿದರೆ, ಆ ಸಮಾಲೋಚನೆಯ ಶುಲ್ಕವನ್ನು ಸರ್ಕಾರದ ಮೆಡಿಕೇರ್ ಯೋಜನೆ ಭರಿಸುತ್ತದೆ ಎಂಬುದು ಅದು. ರಿಪಬ್ಲಿಕನ್ ನಾಯಕಿ ಸಾರಾ ಪೇಲಿನ್ ಆ ಆಗಸ್ಟ್‌ನಲ್ಲಿ ‘ಡೆತ್ ಪ್ಯಾನೆಲ್’ ಎಂಬ ಪದ ಬಳಸಿದರು. ಯಾರು ಬದುಕಬೇಕು, ಯಾರು ಸಾಯಬೇಕು ಎಂದು ಅಧಿಕಾರಿಗಳ ಮಂಡಳಿ ತೀರ್ಮಾನಿಸುತ್ತದೆ ಎಂಬ ಭಯ ಹಬ್ಬಿತು. ಅದು ಸುಳ್ಳು ಎಂದು ಸುದ್ದಿ ಪರಿಶೀಲಿಸುವ ‘ಪಾಲಿಟಿಫ್ಯಾಕ್ಟ್’ ಸಂಸ್ಥೆ ಹೇಳಿತು, ಆ ವರ್ಷದ ದೊಡ್ಡ ಸುಳ್ಳು ಎಂದೇ ಅದನ್ನು ಆರಿಸಿತು. ಆದರೂ 2010ರ ಮಾರ್ಚ್‌ನಲ್ಲಿ ಕಾನೂನು ಬಂದಾಗ ಆ ಅಂಶ ಅದರಲ್ಲಿ ಇರಲಿಲ್ಲ. ಸುಳ್ಳನ್ನು ಅಲ್ಲಗಳೆಯುವಾಗಲೂ ಮಾಧ್ಯಮಗಳು ಅದೇ ಪದವನ್ನು ಮತ್ತೆ ಮತ್ತೆ ಉಚ್ಚರಿಸಿದ್ದವು.

ಉಳಿದದ್ದು, ಹೋದದ್ದು

ಬೆಳಗಾವಿ ಅಧಿವೇಶನ ಮುಗಿಯುವ ಮೊದಲೇ ಎರಡೂ ಸದನಗಳು ಮಸೂದೆಯನ್ನು ಒಪ್ಪಿದವು. ದರ ಮೀರಿದರೆ ಜೈಲು ಎಂಬುದು ಹೋಗಿ ದಂಡ ಉಳಿಯಿತು. ಜಿಲ್ಲೆಯ ದೂರು ಸಮಿತಿಯ ಬದಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ, ನೋಂದಣಿಯನ್ನೂ ದೂರನ್ನೂ ಒಟ್ಟಿಗೆ ನೋಡುವ ಪ್ರಾಧಿಕಾರ ಬಂತು. ಮಂಡ್ಯದ ಆ ವೈದ್ಯ ತಾಯಿಯ ಭಯಕ್ಕೆ ಇವೆರಡರಲ್ಲಿ ಉತ್ತರವಿತ್ತು, ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ದರದ ನಿಗದಿ ಸರ್ಕಾರದ ಆರೋಗ್ಯ ಯೋಜನೆಗಳಡಿ ನಡೆಯುವ ಚಿಕಿತ್ಸೆಗೆ ಮಾತ್ರ ಸೀಮಿತವಾಯಿತು. ಸ್ವಂತ ಹಣದಲ್ಲಿ ಚಿಕಿತ್ಸೆ ಪಡೆಯುವವರಿಗೆ, ಅಂದರೆ 2014ರಲ್ಲಿ ಅತ್ತೆ ನಿಂತಿದ್ದ ಜಾಗದಲ್ಲಿ ನಿಲ್ಲುವವರಿಗೆ, ಗೋಡೆಯ ಮೇಲಿನ ದರಪಟ್ಟಿಯೇ ಗತಿಯಾಯಿತು. ಆ ಪಟ್ಟಿಯಲ್ಲಿ ಆಸ್ಪತ್ರೆ ತಾನೇ ಬರೆದ ದರವಿರುತ್ತದೆ.

ಶವವನ್ನು ಬಾಕಿಗಾಗಿ ಹಿಡಿದಿಡುವಂತಿಲ್ಲ ಎಂಬುದು ಉಳಿಯಿತು. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು ಎಂಬುದು ಉಳಿಯಿತು. ರೋಗಿಗಳ ಹಕ್ಕುಗಳ ಸನ್ನದು ಉಳಿಯಿತು. ಇವು ಸಣ್ಣವಲ್ಲ. ಮುಷ್ಕರಕ್ಕೆ ಸುರಿದ ಜಾಗದ ಹತ್ತರಲ್ಲಿ ಒಂದು ಪಾಲನ್ನು ಇವುಗಳಿಗೆ ಕೊಟ್ಟಿದ್ದರೂ ಮನೆಮನೆಗೆ ತಲುಪುತ್ತಿದ್ದವು.

ಆದರೆ ಆ ವಾರ ಮೈಸೂರಿನಲ್ಲಿ ಯಾರಿಗೂ ಬಿಡುವಿರಲಿಲ್ಲ. ನವೆಂಬರ್ 24ರಿಂದ 26ರವರೆಗೆ 83ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಊರಿನಲ್ಲಿತ್ತು. ಚಂದ್ರಶೇಖರ ಪಾಟೀಲರು ಅಧ್ಯಕ್ಷರು. ಮೆರವಣಿಗೆಯ ಹಾದಿ, ಪುಸ್ತಕ ಮಳಿಗೆ, ಊಟದ ವ್ಯವಸ್ಥೆ, ವಿಶೇಷ ಪುರವಣಿ ಎಂದು ನಾವೆಲ್ಲ ಮುಳುಗಿಹೋಗಿದ್ದೆವು. ಅದೇ ವಾರ ಮೈಸೂರಿನ ‘ಆಂದೋಲನ’ ದಿನಪತ್ರಿಕೆಯ ಸ್ಥಾಪಕ ಸಂಪಾದಕ ರಾಜಶೇಖರ ಕೋಟಿಯವರು ತೀರಿಕೊಂಡರು. ಈ ಭಾಗದಲ್ಲಿ ಪತ್ರಕರ್ತರಾದ ಎಷ್ಟೋ ಮಂದಿಗೆ ಅದು ಮನೆಯ ಸಾವಿನಂತೆ ಬಡಿಯಿತು. ಆ ಗಡಿಬಿಡಿ, ಆ ದುಃಖದ ನಡುವೆ ಮಸೂದೆ ಅಂಗೀಕಾರದ ಸುದ್ದಿಗೆ ಒಂದು ಕಾಲಂ ಸಿಕ್ಕಿತು. ಅದರಲ್ಲಿ ಏನು ಹೋಯಿತು, ಏನು ಉಳಿಯಿತು ಎಂದು ಪಟ್ಟಿಮಾಡಿ ಬರೆಯೋಣ ಎಂದು ನಾನೂ ಹೇಳಲಿಲ್ಲ, ಇನ್ನಾರೂ ಹೇಳಲಿಲ್ಲ. ಬಾಗಿಲು ತೆರೆದಿತ್ತು, ಪರದಾಟ ಮುಗಿದಿತ್ತು.

ಮೂರು ವರ್ಷ ತುಂಬುವ ಮೊದಲೇ ಕೊರೊನಾ ಬಂತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಕೋವಿಡ್ ಚಿಕಿತ್ಸೆಗೆ ದರ ನಿಗದಿ ಮಾಡಿತು. ಸ್ವಂತ ಹಣದಲ್ಲಿ ಸೇರುವವರಿಗೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 10,000 ರೂಪಾಯಿ, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕಕ್ಕೆ 25,000 ರೂಪಾಯಿ ಮಿತಿ. ಆ ದರ ಹೆಚ್ಚೋ ಕಡಿಮೆಯೋ, ಎಲ್ಲ ಕಡೆ ಪಾಲನೆಯಾಯಿತೋ ಇಲ್ಲವೋ ಎಂಬುದು ಬೇರೆ ಮಾತು. 2017ರಲ್ಲಿ ಅಸಾಧ್ಯ ಎಂದು ನಾವು ದಿನವೂ ಅಚ್ಚು ಹಾಕಿದ್ದನ್ನು ಸರ್ಕಾರ ಒಂದು ಆದೇಶದಲ್ಲಿ ಮಾಡಿತ್ತು. ಆ ಆದೇಶದ ಸುದ್ದಿಯನ್ನು ತಿದ್ದುತ್ತಿದ್ದಾಗ ನನಗೆ ಮೆಟ್ಟಿಲ ಮೇಲೆ ಕೂತಿದ್ದ ಆ ಹೆಂಗಸಿನ ಚಿತ್ರ ನೆನಪಾಯಿತು. ಅವರ ಹೆಸರನ್ನೂ ನಾವು ಕೇಳಿರಲಿಲ್ಲ. ಎಕ್ಸ್‌ರೇ ಯಾರದು, ಅವರದೋ ಗಂಡನದೋ ಎಂದೂ ಕೇಳಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಅತ್ತೆಯ ಫೋನ್ ಬಂತು. ಪಕ್ಕದ ಮನೆಯವರು ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದಾರೆ, ಬಾಕಿ ಇದೆಯಂತೆ, ಮಗ ಫೋನಿನಲ್ಲಿ ಅಳುತ್ತಿದ್ದಾನೆ.

“ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಇದೆಯಲ್ಲಪ್ಪಾ, ಅದರ ಹೆಸರು ಹೇಳು. ಬರೆದುಕೊಳ್ಳುತ್ತೇನೆ.”

ನಾನು ನಿಧಾನವಾಗಿ ಹೇಳಿದೆ: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಅಧಿನಿಯಮ, 2017. ಒಂದೊಂದೇ ಪದವನ್ನು ಅತ್ತೆ ತಿರುಗಿ ಹೇಳಿದರು. ಆಮೇಲೆ ಫೋನನ್ನು ಪಕ್ಕಕ್ಕಿಟ್ಟ ಸದ್ದು, ಇನ್ನೊಂದು ಫೋನಿನಲ್ಲಿ ಆ ಹುಡುಗನಿಗೆ ಅದನ್ನು ಓದಿ ಹೇಳುತ್ತಿದ್ದ ಅವರ ದನಿ ಕೇಳಿಸಿತು. “ಕೌಂಟರಿನವರ ಮುಂದೆ ಇದನ್ನು ಗಟ್ಟಿಯಾಗಿ ಹೇಳಪ್ಪಾ, ಇಸವಿಯನ್ನೂ ಸೇರಿಸಿ ಹೇಳು.”

ಮುಕ್ಕಾಲು ಗಂಟೆಯ ನಂತರ ಮತ್ತೆ ಫೋನ್ ಬಂತು. ಆಂಬುಲೆನ್ಸ್ ಶ್ರೀರಂಗಪಟ್ಟಣ ದಾಟಿತ್ತು.